ಸದ್ದಿಲ್ಲದ ಹೆಜ್ಜೆಯ ವ್ಯಾಯಾಮ



ಆಟದ ಪಿರಿಯಡ್‌ನಲ್ಲಿ ನಿಮ್ಮ ಶಾಲೆಯ ಮೈದಾನವನ್ನು ಒಮ್ಮೆ ಗಮನಿಸಿ. ಒಂದಷ್ಟು ಜನ ಕಬಡ್ಡಿ, ವಾಲಿಬಾಲ್ ಅಂತ ಓಡಾಡ್ತಿರ್ತಾರೆ. ಇನ್ನೊಂದಷ್ಟು ಜನ ಮರದ ನೆರಳಲ್ಲಿ ಕೂತಿರ್ತಾರೆ. ಯಾಕೆ ಅಂತ ಕೇಳಿದರೆ ಒಬ್ಬರಿಗೆ ಉಬ್ಬಸ, ಒಬ್ಬರಿಗೆ ಕಾಲು ಉಳುಕಿದೆ, ಮತ್ತೊಬ್ಬರಿಗೆ ಎಲ್ಲರೆದುರು ಓಡೋಕೆ ನಾಚಿಕೆ. ಮನೆಗೆ ಹೋದರೆ ಜಗಲಿ ಮೇಲೆ ಅಜ್ಜಿ ಮಂಡಿ ನೀವಿಕೊಳ್ಳುತ್ತಾ ಕೂತಿರ್ತಾರೆ. "ನಮ್ಮ ಕೈಲಿ ಆಗಲ್ಲ" ಅನ್ನೋ ಮಾತು ಎರಡೂ ಕಡೆ ಒಂದೇ.

ಓಡದೆ, ಜಿಗಿಯದೆ ವ್ಯಾಯಾಮ ಮಾಡೋಕೆ ಸಾಧ್ಯವೇ? ಸಾಧ್ಯ. ಚೀನಾದ ತೈ ಚಿ ಚಲನೆಗಳಿಂದ ರೂಪಿಸಿಕೊಂಡ ನಿಧಾನದ ವ್ಯಾಯಾಮ ಅಂಥದ್ದು. ಅದರ ಹಿಂದಿರುವ ವಿಜ್ಞಾನ ಹೊಸದೇನಲ್ಲ. ನೀವು ಪಾಠದಲ್ಲಿ ಓದಿದ ಬಲ, ಸಂವೇಗ, ಗುರುತ್ವ ಕೇಂದ್ರ, ಉಸಿರಾಟ ಇವೇ.

ತೈ ಚಿ ಎಲ್ಲಿಂದ ಬಂತು?

ತೈ ಚಿ ಮೂಲತಃ ಒಂದು ಯುದ್ಧಕಲೆ. ಚೀನಾದ ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ 17ನೇ ಶತಮಾನದಲ್ಲಿ ಇದು ರೂಪುಗೊಂಡಿತು ಅನ್ನೋದು ಹೆಚ್ಚು ಜನ ಒಪ್ಪುವ ಮಾತು. ಮುಂದೆ ಅದರಿಂದ ಯಾಂಗ್, ವು ಮುಂತಾದ ಶೈಲಿಗಳು ಬೆಳೆದವು. ಎಲ್ಲರೂ ಕಲಿಯಲಿ ಅಂತ 1956ರಲ್ಲಿ ಚೀನಾ ಸರ್ಕಾರ ಯಾಂಗ್ ಶೈಲಿಯಿಂದ 24 ಚಲನೆಗಳನ್ನು ಆರಿಸಿ ಒಂದು ಸರಳ ಕ್ರಮ ಮಾಡಿಸಿತು. ಪೂರ್ತಿ ಮಾಡೋಕೆ ಐದಾರು ನಿಮಿಷ ಸಾಕು. 2020ರಲ್ಲಿ ಯುನೆಸ್ಕೊ ತೈ ಚಿಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ದೇಹದಲ್ಲಿ 'ಚಿ' ಎಂಬ ಶಕ್ತಿ ಹರಿಯುತ್ತದೆ, ಅದನ್ನು ಸರಿಪಡಿಸಿದರೆ ರೋಗ ಹೋಗುತ್ತದೆ ಅಂತಲೂ ಕೆಲವರು ಹೇಳ್ತಾರೆ. ಅಂಥ ಶಕ್ತಿಯನ್ನು ಯಾವ ಉಪಕರಣವೂ ಅಳೆದು ತೋರಿಸಿಲ್ಲ. ನಾವು ಅಳೆಯಬಹುದಾದದ್ದನ್ನು ಮಾತ್ರ ನೋಡೋಣ.

ಹೆಜ್ಜೆಯಲ್ಲಿ ನ್ಯೂಟನ್

45 ಕಿಲೋಗ್ರಾಂ ದ್ರವ್ಯರಾಶಿಯ ಒಬ್ಬ ವಿದ್ಯಾರ್ಥಿ 45 ಸೆಂಟಿಮೀಟರ್ ಎತ್ತರದ ಕಟ್ಟೆಯಿಂದ ಕೆಳಗೆ ಧುಮುಕಿದ ಅಂದ್ಕೊಳ್ಳಿ. g ಬೆಲೆಯನ್ನು 10 ಅಂತ ಹಿಡಿದರೆ ನೆಲ ಮುಟ್ಟುವಾಗ ಅವನ ವೇಗ ಸೆಕೆಂಡಿಗೆ 3 ಮೀಟರ್. ಸಂವೇಗ 45 × 3 = 135. ಈ ಸಂವೇಗ ಸೊನ್ನೆಗೆ ಇಳಿಯಬೇಕು.

ಮಂಡಿ ಬಗ್ಗಿಸದೆ ಕಂಬದ ಹಾಗೆ ಬಿದ್ದರೆ ಅದು 0.05 ಸೆಕೆಂಡಿನಲ್ಲಿ ನಿಲ್ಲುತ್ತದೆ ಅನ್ನೋಣ. ನಿಲ್ಲಿಸಲು ಬೇಕಾದ ಬಲ 135 ÷ 0.05 = 2700 ನ್ಯೂಟನ್. ಅವನ ತೂಕ ಬರೀ 450 ನ್ಯೂಟನ್. ಅಂದ್ರೆ ತೂಕದ ಆರು ಪಟ್ಟು! ಅವನ ತೂಕವನ್ನೂ ನೆಲವೇ ಹೊರಬೇಕಲ್ಲ, ಹಾಗಾಗಿ ಒಟ್ಟು ಏಳು ಪಟ್ಟು. ಅದೇ ಮಂಡಿ ಬಗ್ಗಿಸಿ 0.3 ಸೆಕೆಂಡಿನಲ್ಲಿ ಮೆಲ್ಲಗೆ ಇಳಿದರೆ ನಿಲ್ಲಿಸುವ ಬಲ 450 ನ್ಯೂಟನ್ ಮಾತ್ರ, ಒಟ್ಟು ಎರಡು ಪಟ್ಟು. ಸಮಯ ಹೆಚ್ಚಿದಷ್ಟೂ ಬಲ ಕಡಿಮೆ. ನ್ಯೂಟನ್‌ನ ಮೂರನೇ ನಿಯಮದ ಪ್ರಕಾರ, ನಾವು ನೆಲವನ್ನು ಎಷ್ಟು ಬಲದಿಂದ ಒತ್ತುತ್ತೇವೋ ನೆಲವೂ ಅಷ್ಟೇ ಬಲದಿಂದ ಪಾದ, ಮಂಡಿ, ಸೊಂಟವನ್ನು ಒತ್ತುತ್ತದೆ.

ಓಡುವಾಗ ಪ್ರತಿ ಹೆಜ್ಜೆಗೂ ನೆಲದ ಪ್ರತಿಬಲ ತೂಕದ ಎರಡರಿಂದ ಮೂರು ಪಟ್ಟು ಇರುತ್ತದೆ. ತೈ ಚಿಯಲ್ಲಿ ಹೆಜ್ಜೆ ಇಡುವ ಕ್ರಮವೇ ಬೇರೆ. ಮೊದಲು ಭಾರವಿಲ್ಲದ ಕಾಲನ್ನು ಬೆಕ್ಕಿನ ಹಾಗೆ ಸದ್ದಿಲ್ಲದೆ ನೆಲಕ್ಕೆ ತಾಗಿಸಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ಭಾರವನ್ನು ಅದರ ಮೇಲೆ ತರಬೇಕು. ಒಂದು ಕಾಲು ಯಾವಾಗಲೂ ನೆಲದ ಮೇಲೇ ಇರುತ್ತದೆ. ಹಾಗಾಗಿ ಪ್ರತಿಬಲ ತೂಕಕ್ಕಿಂತ ಹೆಚ್ಚೇನೂ ಏರುವುದಿಲ್ಲ. ಹೆಜ್ಜೆ ಸದ್ದು ಮಾಡಿದರೆ ಕೀಲಿಗೆ ಪೆಟ್ಟು ಬಿತ್ತು ಅಂತಲೇ ತಿಳಿಯಿರಿ.

ಎದೆಬಡಿತ ಏನು ಹೇಳುತ್ತೆ?

ಸ್ನಾಯುಗಳಿಗೆ ಕೆಲಸ ಮಾಡಲು ಎಟಿಪಿ ಬೇಕು. ಆಮ್ಲಜನಕ ಇಲ್ಲದೆ ಒಂದು ಗ್ಲೂಕೋಸ್ ಅಣು ಒಡೆದರೆ ಸಿಗೋದು ಬರೀ 2 ಎಟಿಪಿ, ಜೊತೆಗೆ ಲ್ಯಾಕ್ಟಿಕ್ ಆಮ್ಲ. ಆಮ್ಲಜನಕ ಇದ್ದರೆ ಮೈಟೋಕಾಂಡ್ರಿಯಾದಲ್ಲಿ ಅದೇ ಅಣುವಿನಿಂದ 30ಕ್ಕೂ ಹೆಚ್ಚು ಎಟಿಪಿ ಸಿಗುತ್ತವೆ. ಆಮ್ಲಜನಕ ಸಾಕಷ್ಟು ಪೂರೈಕೆಯಾಗುವ ಮಟ್ಟದಲ್ಲಿ, ಬಹಳ ಹೊತ್ತು ನಿಲ್ಲಿಸದೆ ಮಾಡುವ ವ್ಯಾಯಾಮವೇ ಏರೋಬಿಕ್ ವ್ಯಾಯಾಮ. ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಬರೆದ ಪುಸ್ತಕದಿಂದ 'ಏರೋಬಿಕ್ಸ್' ಎಂಬ ಹೆಸರು ಮನೆಮಾತಾಯಿತು. ಇದರಿಂದ ಹೃದಯ ಗಟ್ಟಿಯಾಗುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ.

ನಿಮ್ಮ ವ್ಯಾಯಾಮ ಆ ಮಟ್ಟಕ್ಕೆ ಬಂತೋ ಇಲ್ಲವೋ ಅಂತ ತಿಳಿಯೋಕೆ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. 14 ವರ್ಷದವರಿಗೆ 206. ಅದರ ಶೇ. 50ರಿಂದ 70, ಅಂದ್ರೆ ಸುಮಾರು 103ರಿಂದ 144ರ ನಡುವೆ ಇದ್ದರೆ ಸಾಧಾರಣ ಮಟ್ಟದ ವ್ಯಾಯಾಮ. ಗಡಿಯಾರ ಇಲ್ವಾ? ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟೇ ಲೆಕ್ಕ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಬಹಳ ನಿಧಾನದ ತೈ ಚಿಯಿಂದ ವಯಸ್ಸಾದವರ ಬಡಿತ ಸಾಕಷ್ಟು ಏರಬಹುದು, ನಿಮ್ಮದು ಅಷ್ಟು ಏರಲಾರದು. ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯ ಸುಮಾರು ಮೂರು ಪಟ್ಟು ಮಾತ್ರ ಅದಕ್ಕೆ ಬೇಕು. ಅದಕ್ಕೇ ನಿಮ್ಮ ವಯಸ್ಸಿನವರು ಹೆಜ್ಜೆ ಅಗಲ ಮಾಡಿ, ಮಂಡಿ ಇನ್ನಷ್ಟು ಬಗ್ಗಿಸಿ, ಕೈ ದೊಡ್ಡದಾಗಿ ಬೀಸಿ, ನಡುವೆ ನಿಲ್ಲಿಸದೆ ಮಾಡಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ದೈಹಿಕ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಓಡಾಡಿ ಆಡಬಲ್ಲವರು ಆಟ ಬಿಡಬೇಡಿ. ಮರದಡಿ ಕೂತವರು ಎದ್ದು ಬರೋಕೆ ಇದು ಮೊದಲ ಮೆಟ್ಟಿಲು.

ಅಜ್ಜಿ ಬೀಳದಿರಲಿ

ನಮ್ಮ ಅಂಚೆಟ್ಟಿ ಕಡೆ ನೆಲ ಸಮ ಇಲ್ಲ. ಗುಡ್ಡದ ಇಳಿಜಾರು, ಕಲ್ಲು ದಾರಿ, ಮಳೆ ಬಂದರೆ ಜಾರುವ ಹೊಲದ ಬದು. ವಯಸ್ಸಾದವರು ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಹೊಸೂರು, ಧರ್ಮಪುರಿ ಅಂತ ಅಲೆಯಬೇಕು. ಆಮೇಲೂ ಎಷ್ಟೋ ಜನ ಮೊದಲಿನಂತೆ ನಡೆಯೋದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ವಯಸ್ಸಾದವರೇ ಹೆಚ್ಚು.

ಗುರುತ್ವ ಕೇಂದ್ರದಿಂದ ಎಳೆದ ಲಂಬರೇಖೆ ಪಾದಗಳ ನಡುವಿನ ಆಧಾರದ ಒಳಗಿದ್ದರೆ ನಿಲ್ಲುತ್ತೇವೆ, ಹೊರಗೆ ಹೋದರೆ ಬೀಳುತ್ತೇವೆ. ಅದು ಹೊರಗೆ ಹೋಗುತ್ತಿದೆ ಅಂತ ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳ ನರಗಳು ಮೆದುಳಿಗೆ ಸುದ್ದಿ ಕೊಡುತ್ತವೆ. ಅನುಮಸ್ತಿಷ್ಕ ತಕ್ಷಣ ಸ್ನಾಯುಗಳನ್ನು ಸರಿಹೊಂದಿಸುತ್ತದೆ. ವಯಸ್ಸಾದಂತೆ ಈ ಸುದ್ದಿ ತಡವಾಗುತ್ತದೆ, ತೊಡೆಯ ಬಲವೂ ಕುಗ್ಗುತ್ತದೆ. ತೈ ಚಿಯಲ್ಲಿ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಿಸುವುದು ಈ ಎರಡಕ್ಕೂ ತರಬೇತಿ.

ಇದಕ್ಕೆ ಪುರಾವೆ ಇದೆಯೇ? 2005ರಲ್ಲಿ ಅಮೆರಿಕದ ಆರಿಗನ್‌ನಲ್ಲಿ ನಡೆದ ಒಂದು ಅಧ್ಯಯನ ಪ್ರಕಟವಾಯಿತು. 70ರಿಂದ 92 ವರ್ಷದ 256 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಮೂರು ದಿನ ತೈ ಚಿ, ಇನ್ನೊಂದಕ್ಕೆ ಮೈ ಸಡಿಲಿಸುವ ವ್ಯಾಯಾಮ. ಆರು ತಿಂಗಳಲ್ಲಿ ಎರಡನೇ ಗುಂಪಿನವರು 73 ಸಲ ಬಿದ್ದರು, ತೈ ಚಿ ಗುಂಪಿನವರು 38 ಸಲ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮಂಡಿ ಸವೆತದ ನೋವಿದ್ದ 204 ಜನರಲ್ಲಿ ತೈ ಚಿ ಮಾಡಿದವರಿಗೂ ಫಿಸಿಯೋಥೆರಪಿ ಪಡೆದವರಿಗೂ ಹೆಚ್ಚುಕಡಿಮೆ ಒಂದೇ ಮಟ್ಟದ ಉಪಶಮನ ಸಿಕ್ಕಿತು. ತೈ ಚಿ ಸವೆದ ಮೃದ್ವಸ್ಥಿಯನ್ನು ಬೆಳೆಸುವುದಿಲ್ಲ. ಸುತ್ತಲಿನ ಸ್ನಾಯುಗಳನ್ನು ಬಲಪಡಿಸಿ ಕೀಲಿಗೆ ಆಸರೆಯಾಗುತ್ತದೆ.

ಮಾಡೋಣ ಬನ್ನಿ

ಬರಿಗಾಲಲ್ಲಿ, ಸಮತಟ್ಟಾದ ಜಾಗದಲ್ಲಿ, ಒಟ್ಟು 15 ನಿಮಿಷ. ಒಂದೊಂದನ್ನೂ ಮೂರು ನಿಮಿಷ ಮಾಡಿ.

1. ಕೈ ಏರಿಳಿತ: ಪಾದಗಳನ್ನು ಭುಜದಷ್ಟು ಅಗಲಿಸಿ ನಿಲ್ಲಿ. ಉಸಿರೆಳೆಯುತ್ತಾ ಕೈಗಳನ್ನು ಭುಜದೆತ್ತರಕ್ಕೆ ತನ್ನಿ. ಉಸಿರು ಬಿಡುತ್ತಾ ಕೈ ಇಳಿಸಿ, ಮಂಡಿ ಸ್ವಲ್ಪ ಬಗ್ಗಿಸಿ.

2. ರಾಗಿ ಬೀಸುವುದು: ಒಂದು ಕಾಲು ಮುಂದಿಡಿ. ಬೀಸುವ ಕಲ್ಲಿನ ಗೂಟ ಹಿಡಿದ ಹಾಗೆ ಎರಡೂ ಕೈಯನ್ನು ದೊಡ್ಡ ವೃತ್ತದಲ್ಲಿ ತಿರುಗಿಸಿ. ಕೈ ಮುಂದೆ ಹೋದಾಗ ಭಾರ ಮುಂಗಾಲಿಗೆ, ಹಿಂದೆ ಬಂದಾಗ ಹಿಂಗಾಲಿಗೆ. ನಡುವೆ ಕಾಲು ಬದಲಿಸಿ.

3. ಮೋಡದ ಕೈ: ಇದು ತೈ ಚಿಯಲ್ಲೇ ಇರುವ ಹೆಸರು. ಪಕ್ಕಕ್ಕೆ ಹೆಜ್ಜೆ ಇಡುತ್ತಾ ಎರಡು ಕೈಗಳನ್ನು ಮುಖದ ಮುಂದೆ ಒಂದಾದ ಮೇಲೊಂದು ತೇಲಿಸಿ, ಸೊಂಟದಿಂದ ತಿರುಗಿ. ಆ ಕಡೆ ಹತ್ತು ಹೆಜ್ಜೆ, ಈ ಕಡೆ ಹತ್ತು.

4. ಬೆಕ್ಕಿನ ನಡಿಗೆ: ಹಿಮ್ಮಡಿ ತಾಗಿಸಿ, ಅಂಗಾಲು ಊರಿ, ಆಮೇಲೆ ಭಾರ ತನ್ನಿ. ಸದ್ದು ಬರಬಾರದು.

5. ಹುಂಜದ ನಿಲುವು: ಒಂದು ಮಂಡಿ ಎತ್ತಿ ಮೂರು ಉಸಿರು ನಿಲ್ಲಿ. ಕಾಲು ಬದಲಿಸಿ.

ಮಂಡಿ ಬಗ್ಗಿಸುವಾಗ ಅದು ಕಾಲ್ಬೆರಳ ದಿಕ್ಕಿನಲ್ಲೇ ಇರಲಿ, ಒಳಕ್ಕೆ ವಾಲಬಾರದು. ಅಜ್ಜ ಅಜ್ಜಿಯರಿಗೆ ಹೇಳಿಕೊಡುವಾಗ ಗೋಡೆ ಅಥವಾ ಗಟ್ಟಿ ಕುರ್ಚಿ ಹಿಡಿಸಿ, ನೀವು ಪಕ್ಕದಲ್ಲೇ ನಿಲ್ಲಿ, ಮಂಡಿ ಹೆಚ್ಚು ಬಗ್ಗಿಸಬೇಡಿ. ತಲೆಸುತ್ತು, ಎದೆನೋವು ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಉಬ್ಬಸ, ಬಿಪಿ, ಹೃದಯದ ತೊಂದರೆ ಇರುವವರು ಮೊದಲೇ ಡಾಕ್ಟರನ್ನು ಕೇಳಿ. ಯಾರೂ ಔಷಧಿ ನಿಲ್ಲಿಸಬಾರದು.

ನಿಮ್ಮ ಪ್ರಯೋಗ

ತರಗತಿಯಲ್ಲಿ ಚೀಟಿ ಎತ್ತಿ ಎರಡು ಗುಂಪು ಮಾಡಿ. ಎಲ್ಲರೂ ಕಣ್ಣು ಮುಚ್ಚಿ ಒಂಟಿಕಾಲಲ್ಲಿ ಎಷ್ಟು ಸೆಕೆಂಡು ನಿಲ್ಲುತ್ತಾರೆ ಅಂತ ಮೂರು ಸಲ ಅಳೆದು ಸರಾಸರಿ ಬರೆದಿಡಿ. ಪಕ್ಕದಲ್ಲಿ ಹಿಡಿಯೋಕೆ ಒಬ್ಬ ಸ್ನೇಹಿತ ಇರಲೇಬೇಕು. ನಾಲ್ಕು ವಾರ ಒಂದು ಗುಂಪು ಮಾತ್ರ ದಿನಾ ಈ ವ್ಯಾಯಾಮ ಮಾಡಲಿ. ಆಮೇಲೆ ಎರಡೂ ಗುಂಪನ್ನು ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಬರಿಗಾಲಲ್ಲೇ ಮತ್ತೆ ಅಳೆಯಿರಿ. ವ್ಯಾಯಾಮ ಮಾಡದ ಗುಂಪು ಯಾಕೆ ಬೇಕು? ಎರಡನೇ ಸಲ ಅಳೆಯುವಾಗ ಅಭ್ಯಾಸದಿಂದಲೇ ಎಲ್ಲರೂ ಒಂದಿಷ್ಟು ಹೆಚ್ಚು ನಿಲ್ಲಬಹುದು. ವ್ಯಾಯಾಮದ ಪಾಲು ಎಷ್ಟು ಅಂತ ಆ ಗುಂಪಿನ ಜೊತೆ ಹೋಲಿಸಿದಾಗ ಮಾತ್ರ ಗೊತ್ತಾಗುತ್ತೆ. ಪ್ರಯೋಗ ಮುಗಿದ ಮೇಲೆ ಆ ಗುಂಪಿನವರಿಗೂ ಕಲಿಸಿಕೊಡಿ.

ಫಲಿತಾಂಶ ಏನೇ ಬರಲಿ, ಬಂದ ಹಾಗೇ ಕೋಷ್ಟಕ ಮಾಡಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ವ್ಯತ್ಯಾಸ ಕಾಣದಿದ್ದರೆ ಅದೂ ಒಂದು ಫಲಿತಾಂಶವೇ.