ನೀಲಿ ನೀರು ಹೇಳಿದ ದಾರಿ

ನೀಲಿ ಬಣ್ಣದ ನೀರು ಸುರಿದು ಮರುದಿನ ತೋಡಿದ ಗುಂಡಿಯ ಗೋಡೆಯನ್ನು ಕರಣೆಯಿಂದ ಹಗುರವಾಗಿ ಕೆರೆಯುತ್ತ ಹೋದರೆ ಮೊದಲು ಕಾಣುವುದು ನಾಲ್ಕು ಬೆರಳಿನಷ್ಟು ನೀಲಿ ಪಟ್ಟಿ. ಅದರ ಕೆಳಗೆ ಮಣ್ಣು ಮಾಮೂಲಿ ಬಣ್ಣದ್ದೇ. ಇಷ್ಟೇನಾ ಅನ್ನುವಷ್ಟರಲ್ಲಿ ಒಂದು ಎರೆಹುಳುವಿನ ಬಿಲ ಸಿಗುತ್ತದೆ. ಒಳಮೈಯೆಲ್ಲ ನೀಲಿ, ಮೊಣಕಾಲುದ್ದ ಕೆಳಗಿನವರೆಗೂ. ಪಕ್ಕದಲ್ಲಿ ಬೇರು ಕೊಳೆತು ಉಳಿದ ಟೊಳ್ಳು, ಅದೂ ನೀಲಿ. ನಡುವಿನ ಮಣ್ಣಿಗೆ ಮಾತ್ರ ಬಣ್ಣ ಸೋಕಿಯೇ ಇಲ್ಲ.

ನೀರಿನ ಜಾಡು ಹಿಡಿಯಲು ಹೀಗೆ ಬೆರೆಸಿ ಬಿಡುವ ವಸ್ತುವಿಗೆ ಟ್ರೇಸರ್ ಎಂದು ಹೆಸರು. ಈ ನೀಲಿ, ಬ್ರಿಲಿಯಂಟ್ ಬ್ಲೂ. ಮಿಠಾಯಿ, ಪಾನೀಯಗಳಿಗೆ ಹಾಕುವ ಬಣ್ಣವೇ. ಸ್ವಿಟ್ಜರ್ಲೆಂಡಿನ 14 ಜಾಗಗಳಲ್ಲಿ ಎಂಟು ತಾಸಿನಲ್ಲಿ 40 ಮಿ.ಮೀ. ಬಣ್ಣದ ನೀರು ಸುರಿಸಿ, ಮರುದಿನ ಅಗೆದು ನೋಡಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಸಮನಾಗಿ ಇಂಗಿದ್ದರೆ ಅಷ್ಟು ನೀರು ಗೇಣುದ್ದ ಇಳಿದರೆ ಹೆಚ್ಚು. ಕೆಲವೆಡೆ ಬಣ್ಣ ಒಂದು ಮೀಟರ್ ದಾಟಿತ್ತು! ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1870ರಲ್ಲೇ ಕದಡದ ಮಣ್ಣಿನಡಿ 20, 40, 60 ಅಂಗುಲ ಆಳದಲ್ಲಿ ಬಸಿನೀರು ಹಿಡಿಯುವ ವ್ಯವಸ್ಥೆ ಕಟ್ಟಿದ್ದರು. ಮಳೆಯ ಒಂದಷ್ಟು ಪಾಲು ಸಂದುಗಳ ಮೂಲಕ ನೇರ ಇಳಿದುಬಿಡುತ್ತದೆಂದು ಅಲ್ಲಿನವರು 1882ರಲ್ಲೇ ಬರೆದರು. ಕಣ್ಣಿಗೆ ಕಂಡರೇ ನಂಬುವ ನಮಗೆ ನೀಲಿ ಬೇಕಾಯಿತು.

ಬಣ್ಣಕ್ಕೂ ಒಂದು ಐಬಿದೆ. ಜೇಡಿಗೆ ಅಂಟಿಕೊಂಡು ನೀರಿಗಿಂತ ಹಿಂದೆ ಬೀಳುತ್ತದೆ. ಹಾಗಾಗಿ ಬ್ರೋಮೈಡ್ ಬಳಸುತ್ತಾರೆ. ಜೇಡಿಯದೂ ಅದರದೂ ಋಣ ವಿದ್ಯುದಂಶವಾದ್ದರಿಂದ ಎಲ್ಲೂ ಅಂಟದೆ ನೀರಿನೊಡನೆಯೇ ಸಾಗುತ್ತದೆ. ನೈಟ್ರೇಟ್ ಕೂಡ ಅದೇ ಜಾತಿ. ಯೂರಿಯಾ ಕರಗಿ ಅಮೋನಿಯಂ ಆಗಿರುವಷ್ಟು ಹೊತ್ತು ಜೇಡಿ ಹಿಡಿದಿಟ್ಟುಕೊಳ್ಳುತ್ತದೆ, ನೈಟ್ರೇಟ್ ಆಯಿತೋ, ನೀರು ಕರೆದಲ್ಲಿಗೆ ಹೊರಟಿತು. ಹೆಂಟೆಯೊಳಗೆ ಮೊದಲೇ ಸೇರಿಕೊಂಡಿದ್ದರೆ ಅದು ಬಚಾವು, ಏಕೆಂದರೆ ಅವಸರದ ನೀರು ಹೆಂಟೆಯನ್ನು ಬಳಸಿಕೊಂಡು ಹೋಗುತ್ತದೆ. ಪೆಟ್ಟು ಬೀಳುವುದು ಮೇಲೆ ಹೊಸದಾಗಿ ಎರಚಿದ್ದಕ್ಕೆ.

ವಿಜಯಪುರದ ಕಡೆಯ ಎರೆ ಹೊಲ ನೋಡಿದವರಿಗೆ ಎರೆಹುಳುವಿನ ಬಿಲ ಬಲು ಸಣ್ಣ ಸಂಗತಿ. ಬೇಸಿಗೆಯ ಬಿರುಕಿನಲ್ಲಿ ಕೈಯೇ ತೂರುತ್ತದೆ. ಮೊದಲ ಜೋರು ಮಳೆ ಅಲ್ಲಿಂದ ಧುಮುಕುತ್ತದೆ. ಒದ್ದೆಯಾದ ಮಣ್ಣು ಹಿಗ್ಗಿ ಬಿರುಕು ಮುಚ್ಚುವುದು ಆಮೇಲೆ. ಹಿಂಗಾರಿ ಜೋಳಕ್ಕೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದು ತೇವ ಆರದಿರಲಿ ಎಂದು. ಅದೇ ಕುಂಟೆ ನೀರಿನ ಕಳ್ಳದಾರಿಯ ಬಾಯಿಯನ್ನೂ ಕಟ್ಟುತ್ತದೆ.

ಈ ಸಲ ಗೊಬ್ಬರ ಎರಚುವ ಮೊದಲು ಹೊಲದ ಬಿರುಕಿನಲ್ಲಿ ಒಂದು ತೊಗರಿ ಕಟ್ಟಿಗೆ ಇಳಿಸಿ ನೋಡಿ, ಎಷ್ಟುದ್ದ ಹೋಗುತ್ತದೆಂದು.