ಅಂಗಾಂಶದಿಂದ ಜೀವಕೋಶಗಳನ್ನು ಬಿಡಿಸುವ ಕ್ರಮಗಳು

ಪ್ರಾಣಿದೇಹದಿಂದ ಆಗತಾನೆ ತೆಗೆದ ಅಂಗಾಂಶದ ಕೋಶಗಳನ್ನು ಪಾತ್ರೆಯಲ್ಲಿ ಮೊದಲ ಸಲ ಬೆಳೆಯಿಸುವುದಕ್ಕೆ ಪ್ರಾಥಮಿಕ ಕೃಷಿಯೆಂದು ಹೆಸರು. ಆಂಗ್ಲಪದಕ್ಕೆ ಸಂಸ್ಕೃತಿಯೆಂಬ ಅರ್ಥವೂ ಉಂಟು. ಆದರೆ ಇಲ್ಲಿ ಬಿತ್ತಿ ಬೆಳೆಯುವ ಅರ್ಥವೇ ಪ್ರಕೃತವಾದುದರಿಂದ ‘ಕೃಷಿ’ಯೇ ಯುಕ್ತವಾದ ಮಾತು. ಬಿತ್ತನೆಗೆ ಮುನ್ನ ಕಾಳನ್ನು ತೆನೆಯಿಂದ ಬಿಡಿಸಬೇಕು. ಬಿಡಿಸುವಾಗ ಕಾಳು ಜಜ್ಜಿಹೋಗಬಾರದು. ಈ ಶಾಸ್ತ್ರದ ಮೊದಲ ಕಷ್ಟವು ಇದೇ ಆಗಿದೆ.

ಅಂಗಾಂಶದಲ್ಲಿ ಕೋಶಗಳನ್ನು ಹಿಡಿದಿರುವ ಬಂಧನಗಳು ಮುಖ್ಯವಾಗಿ ಎರಡು. ಕೋಶಗಳ ಸುತ್ತ ಹೆಣೆದುಕೊಂಡಿರುವ ಕೊಲಾಜೆನ್ ಮೊದಲಾದ ತಂತುಗಳ ಜಾಲವು ಒಂದು. ಕೋಶಕೋಶಗಳ ನಡುವಣ ನೇರವಾದ ಬೆಸುಗೆಯು ಮತ್ತೊಂದು. ಈ ಬೆಸುಗೆಯು ಬಹುಮಟ್ಟಿಗೆ ಕ್ಯಾಲ್ಸಿಯಮನ್ನು ಅವಲಂಬಿಸಿರುತ್ತದೆ.

ಹಳೆಯ ಕ್ರಮದಲ್ಲಿ ಬಂಧನಗಳನ್ನು ಕಡಿಯುವ ಗೊಡವೆಯೇ ಇಲ್ಲ. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಎಂಬ ವಿದ್ವಾಂಸನು ಕಪ್ಪೆಯ ಭ್ರೂಣದಿಂದ ತೆಗೆದ ತುಣುಕನ್ನು ದುಗ್ಧರಸದ ತೂಗುಹನಿಯಲ್ಲಿಟ್ಟು, ನರತಂತುವು ಕೋಶದಿಂದಲೇ ಹೊರಟು ಬೆಳೆಯುವುದನ್ನು ಕಂಡನು. ಸುಮಾರು 1 ಮಿಲಿಮೀಟರಿನಷ್ಟು ಸಣ್ಣದಾಗಿ ಕೊಯ್ದ ತುಣುಕನ್ನು ಪೋಷಕದ್ರವದಲ್ಲಿಟ್ಟರೆ, ಕೋಶಗಳು ತಾವಾಗಿಯೇ ಅಂಚಿನಿಂದ ಹೊರಕ್ಕೆ ಹರಿದುಬರುತ್ತವೆ. ಅಂಗಾಂಶವು ಸ್ವಲ್ಪವೇ ದೊರೆತಾಗ ಇದು ಇಂದಿಗೂ ಉಪಯುಕ್ತ. ಆದರೆ ಕಾಲವು ಹೆಚ್ಚು ಹಿಡಿಯುತ್ತದೆ, ಚಲಿಸಬಲ್ಲ ಕೋಶಗಳೇ ಮುಂದಾಗುತ್ತವೆ.

ಎರಡನೆಯದು ಹಿಸುಕಿ ಜರಡಿಯಾಡುವ ಕ್ರಮ. ಗುಲ್ಮದಂತಹ ಮೆತ್ತನೆಯ ಅಂಗಕ್ಕೆ ಇಷ್ಟು ಸಾಕು; ಗಟ್ಟಿಯಾದ ಅಂಗಗಳಲ್ಲಿ ಬಹಳ ಕೋಶಗಳು ಒಡೆದುಹೋಗುವುವು.

ಮೂರನೆಯದು ಕಿಣ್ವಗಳ ಕ್ರಮ. 1916ರಲ್ಲಿ ಪೇಟನ್ ರೌಸ್ ಮತ್ತು ಜೋನ್ಸ್ ಎಂಬವರು ಟ್ರಿಪ್ಸಿನ್ ಬಳಸಿ ಸಜೀವಕೋಶಗಳನ್ನು ಬಿಡಿಬಿಡಿಯಾಗಿ ಪಡೆದರು. ಟ್ರಿಪ್ಸಿನ್ ಬೇಗನೆ ಬಿಡಿಸುತ್ತದೆ, ಆದರೆ ಹೊತ್ತು ಮೀರಿದರೆ ಕೋಶದ ಹೊರಮೈಯನ್ನೂ ತಿನ್ನುತ್ತದೆ. ಆದುದರಿಂದ ಸೀರಂ ಬೆರೆಸಿ ಅದರ ಕಾರ್ಯವನ್ನು ತಡೆಯುವುದು ವಾಡಿಕೆ. ಕೊಲಾಜನೇಸ್ ಎಂಬ ಕಿಣ್ವವಾದರೋ ತಂತುಜಾಲವನ್ನೇ ಗುರಿಯಾಗಿಸುತ್ತದೆ. 1969ರಲ್ಲಿ ಬೆರ್ರಿ ಮತ್ತು ಫ್ರೆಂಡ್ ಎಂಬವರು ಇಲಿಯ ಯಕೃತ್ತಿನ ರಕ್ತನಾಳಗಳ ಮೂಲಕವೇ ಇಂತಹ ಕಿಣ್ವದ್ರವವನ್ನು ಹರಿಸಿದರು. ಮುಂದೆ ಸುಧಾರಿಸಿದ ವಿಧಾನದಲ್ಲಿ, ಕ್ಯಾಲ್ಸಿಯಂ ಇಲ್ಲದ ದ್ರವವನ್ನು ಮೊದಲು ಹರಿಸಿ ಬೆಸುಗೆಯನ್ನು ಸಡಿಲಿಸುವರು. ಕೊಲಾಜನೇಸಿಗೆ ಕ್ಯಾಲ್ಸಿಯಂ ಅವಶ್ಯಕವಾದ್ದರಿಂದ ಅನಂತರ ಅದನ್ನು ಕಿಣ್ವದೊಡನೆ ಮರಳಿ ಸೇರಿಸುವರು.

ಬಿಡಿಸಿದ ಕೋಶಗಳಿಗೆ ಟ್ರೈಪಾನ್ ನೀಲಿಯನ್ನು ಬೆರೆಸಿದರೆ, ಪೊರೆ ಹರಿದ ಸತ್ತ ಕೋಶಗಳು ಬಣ್ಣ ಹೀರುತ್ತವೆ. ಬದುಕಿದವು ತಿಳಿಯಾಗಿಯೇ ಉಳಿಯುತ್ತವೆ. ಆದರೆ ಬದುಕಿದವೆಲ್ಲ ಮೂಲ ಅಂಗಾಂಶದ ಸಮಗ್ರ ಪ್ರತಿನಿಧಿಗಳೆಂದು ಭಾವಿಸಲಾಗದು. ಆಯಾ ಕ್ರಮಕ್ಕೆ ತಾಳಿಕೊಂಡವು ಮಾತ್ರ ಉಳಿದಿರುತ್ತವೆ. ಪಾತ್ರೆಯಲ್ಲಿ ಕಂಡುದನ್ನು ಅಂಗದ ಸ್ವಭಾವವೆಂದು ಸಾರಿದರೆ ತಪ್ಪು ನಿರ್ಣಯಕ್ಕೆ ಎಡೆಯಾಗುವುದು. ಆದುದರಿಂದ ಬಿಡಿಸಿದ ಕ್ರಮವನ್ನು ತಿಳಿಸದೆ ಫಲವನ್ನಷ್ಟೇ ಹೇಳುವ ವರದಿಯು, ಹಸ್ತಪ್ರತಿಗಳ ವಿವರ ಕೊಡದ ಗ್ರಂಥಸಂಪಾದನೆಯಂತೆ, ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ.