ಇಳಿದ ತೂಕ ನಿಲ್ಲದಿದ್ದಾಗ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಗಡಹಿಂಗ್ಲಜಕ್ಕೋ ಇಚಲಕರಂಜಿಗೋ ಮರಳಿದವರಿಗೆ ಕೆಲವು ತಿಂಗಳಲ್ಲೇ ಒಂದು ಪ್ರಶ್ನೆ ಬೆನ್ನುಹತ್ತುತ್ತದೆ: "ಭಾಳ ಸೊರಗೀರಲ್ರಿ, ಆರಾಮ ಅದೀರಿಲ್ಲೋ?" ಕೊಲ್ಲಾಪುರದ ಸೀಮೆ ತಾಲೀಮು, ಕುಸ್ತಿ, ಎಮ್ಮೆಹಾಲಿನ ಸೀಮೆ. ಮೈತುಂಬಿದ್ದರೆ ಆರೋಗ್ಯ, ಇಳಿದರೆ ಕಾಯಿಲೆ ಎಂಬುದು ಇಲ್ಲಿಯ ಲೆಕ್ಕ. ಕೆನ್ನೆ ಬತ್ತಿ, ಕತ್ತಿನ ಚರ್ಮ ಜೋತು, ಮೂರನೇ ತಿಂಗಳಿನಿಂದ ಬಾಚಣಿಗೆ ತುಂಬ ಕೂದಲು ಬರತೊಡಗಿದರೆ ಮನೆಯವರೂ ಹೆದರುತ್ತಾರೆ. ಇವೆಲ್ಲ ಬಹುಮಟ್ಟಿಗೆ ನಿರೀಕ್ಷಿತವೇ. ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಹುಟ್ಟುತ್ತದೆ. ನಿಜವಾಗಿ ಅಪಾಯದಲ್ಲಿರುವವರು ಮಾತ್ರ ಕೆಲವೊಮ್ಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರೋಟೀನ್ ಸಾಲದೆ ಕಾಲಿನಲ್ಲಿ ನೀರು ತುಂಬಿಕೊಂಡರೆ ತಕ್ಕಡಿಯ ಮುಳ್ಳು ಇದ್ದಲ್ಲೇ ನಿಂತಿರುತ್ತದೆ, ಒಳಗೆ ಸ್ನಾಯು ಕರಗುತ್ತಿರುತ್ತದೆ. ಹಾಗಾಗಿ ಕಣ್ಣಳತೆ ಬಿಟ್ಟು ಲೆಕ್ಕಕ್ಕೆ ಬರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 158 ಸೆಂ.ಮೀ. ಎತ್ತರದ, 100 ಕಿಲೋ ತೂಕದ ಹೆಣ್ಣುಮಗಳು. ಎತ್ತರಕ್ಕೆ ತಕ್ಕ ತೂಕದ ಅಳತೆ, ಅಂದರೆ ಆಕೆಯ ಬಿಎಂಐ, 40. ಜಠರವನ್ನು ಕಿರಿದಾಗಿಸುವ ಸ್ಲೀವ್ ಆಪರೇಷನ್ನಿನ ನಂತರ ಒಟ್ಟು ತೂಕದ ಸುಮಾರು ಶೇ. 25, ಆಹಾರದ ದಾರಿಯನ್ನೂ ಬದಲಿಸುವ ಬೈಪಾಸ್ ನಂತರ ಸುಮಾರು ಶೇ. 30 ಇಳಿಯುವುದು ಸಾಮಾನ್ಯ. ಅಂದರೆ ಆಕೆ 70–75 ಕಿಲೋದ ಆಸುಪಾಸಿಗೆ ಬಂದು ನಿಲ್ಲಬೇಕು. ನಮ್ಮವರ ಮೈಕಟ್ಟಿಗೆ ಆರೋಗ್ಯಕರವೆನ್ನುವ ಬಿಎಂಐ 18.5ರಿಂದ 23. ಆಕೆಗೆ 23 ಎಂದರೆ ಸುಮಾರು 57 ಕಿಲೋ. ಅಲ್ಲಿಗೆ ತಲುಪಿದರೂ ರಕ್ತ ಪರೀಕ್ಷೆ ಸರಿಯಿದ್ದು, ಮೈಯಲ್ಲಿ ಕಸುವಿದ್ದರೆ ಗಾಬರಿಗೆ ಕಾರಣವಿಲ್ಲ. 46 ಕಿಲೋಗೆ ಇಳಿದರೆ ಮಾತ್ರ ಬಿಎಂಐ 18.5ರ ಗೆರೆ ದಾಟಿತು. ಅದು ಅತಿಯಾದ ಇಳಿಕೆ.

ಅಂಕಿಗಿಂತ ಮುಖ್ಯವಾದದ್ದು ಇಳಿಕೆಯ ಗತಿ. ತೂಕ ಭರದಿಂದ ಇಳಿಯುವುದು ಮೊದಲ ಆರು ತಿಂಗಳಲ್ಲಿ. ಆಮೇಲೆ ನಿಧಾನವಾಗಿ, 12ರಿಂದ 18ನೇ ತಿಂಗಳ ನಡುವೆ ತಳ ಮುಟ್ಟುತ್ತದೆ. ಕೆಲವರಲ್ಲಿ ಎರಡು ವರ್ಷ ಹಿಡಿಯಬಹುದು. ಆನಂತರ ಕೆಲವು ಕಿಲೋ ಮರಳಿ ಏರುವುದು ಸಹಜ, ಅದಕ್ಕೆ ಬೇಸರಪಡಬೇಕಿಲ್ಲ. ಒಮ್ಮೆ ನಿಂತ ತೂಕ ಮತ್ತೆ ಇಳಿಯತೊಡಗಿದರೆ, ಎರಡು ವರ್ಷವಾದರೂ ಇಳಿಕೆ ನಿಲ್ಲದಿದ್ದರೆ, ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಕಾರಣ ತಿಳಿಯಲು ಹೊಟ್ಟೆಯೊಳಗೆ ಏನು ಮಾಡಿದ್ದಾರೆ ಎಂಬುದು ಗೊತ್ತಿರಬೇಕು. ಬಹಳ ಜನರಿಗೆ ಗೊತ್ತಿರುವುದಿಲ್ಲ. "ದುರ್ಬೀನಿನ ಆಪರೇಷನ್ ಆಗೇದ್ರಿ" ಎನ್ನುತ್ತಾರೆ, ಅಷ್ಟೇ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಕತ್ತರಿಸಿ ತೆಗೆದು, 100–150 ಮಿಲಿಲೀಟರ್ ಹಿಡಿಯುವ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಕತ್ತರಿಸಿದ ಆ ಭಾಗದಲ್ಲೇ ಆದ್ದರಿಂದ ಹಸಿವೂ ತಗ್ಗುತ್ತದೆ. ಕರುಳನ್ನು ಮುಟ್ಟುವುದಿಲ್ಲ. ರೂ-ಎನ್-ವೈ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಸಣ್ಣಕರುಳನ್ನು ಅದಕ್ಕೆ ಜೋಡಿಸುತ್ತಾರೆ. ಆಹಾರ ಒಂದು ದಾರಿಯಲ್ಲಿ, ಪಿತ್ತ ಮತ್ತು ಮೇದೋಜೀರಕ ರಸ ಇನ್ನೊಂದು ದಾರಿಯಲ್ಲಿ ಬಂದು ಕೆಳಗೆಲ್ಲೋ ಕೂಡುತ್ತವೆ. ಮೂರನೆಯದು, ಅಮೆರಿಕದ ರಾಬರ್ಟ್ ರಟ್ಲೆಡ್ಜ್ 1997ರಲ್ಲಿ ಆರಂಭಿಸಿದ ಮಿನಿ ಬೈಪಾಸ್. ಒಂದೇ ಜೋಡಣೆ ಸಾಕಾಗುವುದರಿಂದ ಭಾರತದಲ್ಲಿ ಇದು ಬಹಳ ಬಳಕೆಯಲ್ಲಿದೆ. ಇದರಲ್ಲಿ ಸಣ್ಣಕರುಳಿನ ಮೊದಲ 150–200 ಸೆಂ.ಮೀ. ಆಹಾರದ ದಾರಿಯಿಂದ ಹೊರಗುಳಿಯುತ್ತದೆ.

ತೊಡಕು ಇರುವುದು ಆ ಸೆಂಟಿಮೀಟರುಗಳಲ್ಲಿ. ಮನುಷ್ಯರ ಸಣ್ಣಕರುಳು ಒಂದೇ ಉದ್ದ ಇರುವುದಿಲ್ಲ. ಒಬ್ಬರಿಗೆ ನಾಲ್ಕು ಮೀಟರ್, ಇನ್ನೊಬ್ಬರಿಗೆ ಎಂಟು. ಎಂಟು ಮೀಟರಿನವರಿಗೆ ಎರಡು ಮೀಟರ್ ಬಿಟ್ಟರೆ ಏನೂ ಅನ್ನಿಸದು. ನಾಲ್ಕು ಮೀಟರಿನವರಿಗೆ ಅರ್ಧವೇ ಹೋಯಿತು. ಒಟ್ಟು ಉದ್ದ ಅಳೆದು ನೋಡಿಯೇ ಬೈಪಾಸ್ ಮಾಡುವ ಶಸ್ತ್ರವೈದ್ಯರು ಇದ್ದಾರೆ, ಅಳೆಯದೆ ಎಲ್ಲರಿಗೂ ಒಂದೇ ಲೆಕ್ಕ ಹಾಕುವವರೂ ಇದ್ದಾರೆ. ಆಪರೇಷನ್ನಿಗೆ ಮುಂಚೆ ಡಾಕ್ಟರಿಗೆ ಕೇಳಬೇಕಾದ ಮೊದಲ ಪ್ರಶ್ನೆ, ಕರುಳು ಅಳೆಯುತ್ತೀರಾ ಎಂಬುದೇ ಎಂದು ನನ್ನ ಅಭಿಪ್ರಾಯ. ಅಳತೆ ಮೀರಿದರೆ ಏನಾಗುತ್ತದೆ ಎಂಬುದು ಹಳೆಯ ಪಾಠ. 1954ರಿಂದ ಅಮೆರಿಕದಲ್ಲಿ ನಡೆದ ಮೊದಲ ಕರುಳಿನ ಬೈಪಾಸ್‌ಗಳಲ್ಲಿ ಸಣ್ಣಕರುಳಿನ ಸ್ವಲ್ಪ ಭಾಗ ಬಿಟ್ಟು ಉಳಿದದ್ದನ್ನೆಲ್ಲ ದಾರಿಯಿಂದ ತೆಗೆದಿದ್ದರು. ತೂಕ ಇಳಿಯಿತು, ಜೊತೆಗೆ ಯಕೃತ್ತು ಕೆಟ್ಟಿತು, ಮೂತ್ರಪಿಂಡದಲ್ಲಿ ಕಲ್ಲಾಯಿತು. ಕೊನೆಗೆ ಆ ವಿಧಾನವನ್ನೇ ಕೈಬಿಡಬೇಕಾಯಿತು.

ತೂಕ ಅತಿಯಾಗಿ ಇಳಿದವರು ಬಂದಾಗ ಬಲ್ಲ ವೈದ್ಯರು ಮೂರು ಪ್ರಶ್ನೆ ಕೇಳಿಕೊಳ್ಳುತ್ತಾರೆ, ಅದೂ ಇದೇ ಕ್ರಮದಲ್ಲಿ. ಊಟ ಒಳಗೆ ಹೋಗುತ್ತಿದೆಯೇ? ಹೋದದ್ದು ಮೈಗೆ ಹತ್ತುತ್ತಿದೆಯೇ? ಎರಡೂ ಸರಿಯಿದ್ದರೆ ಬೇರೆ ಕಾಯಿಲೆ ಮೈಯನ್ನು ತಿನ್ನುತ್ತಿದೆಯೇ?

ಊಟ ಒಳಗೆ ಹೋಗದಿರಲು ಹೊಲಿಗೆಯ ಜಾಗ ಕಿರಿದಾಗಿರಬಹುದು. ಸ್ಲೀವ್‌ನ ಕೊಳವೆ ನಡುವಿನಲ್ಲಿ ಮಡಚಿಕೊಂಡಿರಬಹುದು. ಎಂಡೋಸ್ಕೋಪಿಯಲ್ಲಿ ಇದು ಗೊತ್ತಾಗುತ್ತದೆ, ಬಲೂನು ಹಾಕಿ ಹಿಗ್ಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬೈಪಾಸ್ ಆದವರಲ್ಲಿ ಜೋಡಣೆಯ ಜಾಗಕ್ಕೆ ಹುಣ್ಣಾಗುತ್ತದೆ. ಉಂಡ ಕೂಡಲೇ ನೋವು, ನೋವಿಗೆ ಹೆದರಿ ಊಟ ಬಿಡುವುದು, ಹೀಗೆ ಶುರು. ಈ ಹುಣ್ಣಿಗೆ ಎರಡು ದೊಡ್ಡ ಕಾರಣ ತಂಬಾಕು ಮತ್ತು ನೋವಿನ ಗುಳಿಗೆ. ಪಕ್ಕದಲ್ಲೇ ನಿಪ್ಪಾಣಿ, ತಂಬಾಕಿನ ಪೇಟೆ. "ಬೀಡಿ ಸೇದ್ತೀರೇನು?" ಎಂದು ಡಾಕ್ಟರು ಕೇಳಿದರೆ ಹೆಣ್ಣುಮಕ್ಕಳು ಇಲ್ಲವೆನ್ನುತ್ತಾರೆ. ಅದು ಸುಳ್ಳೂ ಅಲ್ಲ. ಹಲ್ಲಿಗೆ ತಿಕ್ಕುವ ಮಿಶ್ರಿ ಹುರಿದ ತಂಬಾಕಿನ ಪುಡಿ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಚಲಕರಂಜಿಯ ಪವರ್‌ಲೂಮಿನಲ್ಲಿ ಹನ್ನೆರಡು ತಾಸಿನ ಪಾಳಿ ನಿಂತು ದುಡಿಯುವವರು ಮೈಕೈ ನೋವಿಗೆ ಔಷಧಿ ಅಂಗಡಿಯಿಂದ ಡೈಕ್ಲೋಫಿನ್ಯಾಕ್ ಗುಳಿಗೆ ತಂದು ನುಂಗುತ್ತಾರೆ. ಬೈಪಾಸ್ ಆದವರಿಗೆ ಇವೆರಡೂ ವರ್ಜ್ಯ. ನೋವಿಗೆ ಪ್ಯಾರಾಸಿಟಮಾಲ್ ಇದೆ, ಅದನ್ನೂ ಕೇಳಿಯೇ ತೆಗೆದುಕೊಳ್ಳಬೇಕು.

ಕಬ್ಬಿನ ಹಾಲು, ಬೆಲ್ಲ, ಕಾಕವಿ ಈ ಸೀಮೆಯ ಹೆಮ್ಮೆ. ಬೈಪಾಸ್ ಆದ ಹೊಟ್ಟೆಗೆ ಅವೇ ಶತ್ರು. ಸಿಹಿ ನೇರವಾಗಿ ಕರುಳಿಗೆ ಇಳಿದು ಕಾಲು ತಾಸು, ಅರ್ಧ ತಾಸಿನಲ್ಲಿ ಎದೆಬಡಿತ, ಬೆವರು, ಭೇದಿ ಶುರುವಾಗುತ್ತದೆ. ಕೆಲವರಿಗೆ ಒಂದರಿಂದ ಮೂರು ತಾಸಿನ ನಂತರ ಸಕ್ಕರೆ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಎರಡು ಸಲ ಹೀಗಾದರೆ ಯಾರಿಗೂ ಊಟವೆಂದರೆ ಅಂಜಿಕೆ. ಕೆಲವರ ಅಂಜಿಕೆ ಬೇರೆ ಬಗೆಯದು: ಮತ್ತೆ ದಪ್ಪಗಾದರೆ ಹೇಗೆ ಎಂದು ತಿನ್ನುವುದನ್ನೇ ಕಡಿಮೆ ಮಾಡುತ್ತಾ ಹೋಗುತ್ತಾರೆ. ಅದಕ್ಕೆ ಎಂಡೋಸ್ಕೋಪಿ ಮಾಡಿ ಪ್ರಯೋಜನವಿಲ್ಲ, ಮನೋವೈದ್ಯರ ಹತ್ತಿರ ಹೋಗಬೇಕು.

ಎಲ್ಲಕ್ಕಿಂತ ಅವಸರದ ಸಂಗತಿ ವಾಂತಿ. ಬಿ-1 ಜೀವಸತ್ವ, ಅಂದರೆ ಥಯಾಮಿನ್, ಮೈಯಲ್ಲಿ ಇರುವುದೇ 25–30 ಮಿಲಿಗ್ರಾಂ. ಹೊರಗಿನಿಂದ ಬರದಿದ್ದರೆ ಎರಡು-ಮೂರು ವಾರದಲ್ಲಿ ಮುಗಿಯುತ್ತದೆ. ಆಪರೇಷನ್ ಆದವರು ದಿನಾ ವಾಂತಿ ಮಾಡಿಕೊಳ್ಳುತ್ತಿದ್ದರೆ ಇಷ್ಟು ದಿನ ಸಾಕು. ಮೊದಲು ಕಾಲಿಗೆ ಜೋಮು, ನಡೆದರೆ ತೂರಾಟ. ಆಮೇಲೆ ಕಣ್ಣುಗುಡ್ಡೆ ಅತ್ತಿತ್ತ ಹೊಯ್ದಾಡುವುದು, ಒಂದು ಎರಡಾಗಿ ಕಾಣುವುದು, ಮಾತು ಗೊಂದಲ. ಜರ್ಮನ್ ವೈದ್ಯ ಕಾರ್ಲ್ ವರ್ನಿಕೆ 1881ರಲ್ಲಿ ಇದನ್ನು ಮೊದಲು ವರ್ಣಿಸಿದಾಗ ಆತನ ಮೂವರು ರೋಗಿಗಳಲ್ಲಿ ಇಬ್ಬರು ಕುಡುಕರು. ಮೂರನೆಯವಳು ಆಮ್ಲ ಕುಡಿದು ಜಠರದ ಬಾಯಿ ಕಟ್ಟಿ, ಬಿಡದೆ ವಾಂತಿ ಮಾಡಿಕೊಳ್ಳುತ್ತಿದ್ದ ತರುಣಿ. ಇಂದಿನ ಆಪರೇಷನ್ ರೋಗಿಯ ಪಾಡು ಆ ಮೂರನೆಯವಳದೇ.

ವಾಂತಿಯಾಗಿ ನಿತ್ರಾಣವಾದವರನ್ನು ಮನೆಯವರು ಹತ್ತಿರದ ದವಾಖಾನೆಗೆ ಒಯ್ಯುತ್ತಾರೆ, ಅಲ್ಲಿ ಸಲಾಯಿನ್ ಹಚ್ಚುತ್ತಾರೆ. ಬಾಟಲಿಯಲ್ಲಿ ಗ್ಲೂಕೋಸ್ ಇದ್ದರೆ, ಅದನ್ನು ಉರಿಸಲು ಮೈಗೆ ಇನ್ನಷ್ಟು ಥಯಾಮಿನ್ ಬೇಕು. ಉಳಿದಿದ್ದ ಚೂರೂ ಖರ್ಚಾಗಿ, ಆ ಬಾಟಲಿಯೇ ಮೆದುಳಿಗೆ ಹಾನಿ ತರಬಹುದು. ಆದ್ದರಿಂದ ಇಂಥವರಿಗೆ ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಬಾಟಲಿಗೆ ಬಿ-ಕಾಂಪ್ಲೆಕ್ಸ್ ಸೇರಿಸಿ ಅದು ಹಳದಿಯಾದ ಮಾತ್ರಕ್ಕೆ ಕೆಲಸವಾಯಿತು ಎಂದುಕೊಳ್ಳಬಾರದು. ಹಳದಿ ಬರುವುದು ಬಿ-2ರಿಂದ. ಬಿ-1 ರಕ್ತನಾಳದ ಮೂಲಕ, ದಿನಕ್ಕೆ ನೂರಾರು ಮಿಲಿಗ್ರಾಂ ಲೆಕ್ಕದಲ್ಲಿ ಬೇಕಾಗುತ್ತದೆ. ರಕ್ತ ಪರೀಕ್ಷೆಯ ವರದಿಗೆ ಕಾಯುತ್ತಾ ಕೂರುವಂತಿಲ್ಲ. ರೋಗಿಯ ಜೊತೆಗೆ ಹೋದವರು ಹೇಳಬೇಕಾದದ್ದು ಒಂದೇ ಮಾತು: "ಸಾಹೇಬ್ರ, ಇವರಿಗೆ ಹೊಟ್ಟಿ ಬೈಪಾಸ್ ಆಗೇದ, ಇಷ್ಟು ದಿನದಿಂದ ವಾಂತಿ ಅದ, ಬಿ-1 ಕೊಟ್ಟಿಲ್ಲ."

ಇನ್ನು ಪ್ರೋಟೀನ್. ದಿನಕ್ಕೆ 60ರಿಂದ 80 ಗ್ರಾಂ ಬೇಕು. ಮಾಂಸ ತಿನ್ನುವವರಿಗೆ ಲೆಕ್ಕ ಸಲೀಸು: ಒಂದು ಮೊಟ್ಟೆಗೆ 6 ಗ್ರಾಂ, ಬೇಯಿಸಿದ 100 ಗ್ರಾಂ ಕೋಳಿಗೆ ಸುಮಾರು 25. ಮಾಂಸದ ಕೆಂಪು, ಬಿಳಿ ಸಾರುಗಳಾದ ತಾಂಬಡಾ ರಸ್ಸಾ, ಪಾಂಢರಾ ರಸ್ಸಾಗಳನ್ನು ಬಟ್ಟಲುಗಟ್ಟಲೆ ಕುಡಿದು ಹೊಟ್ಟೆ ತುಂಬಿಸಿಕೊಂಡರೆ ಆಗದು. ಪ್ರೋಟೀನ್ ಇರುವುದು ತುಂಡಿನಲ್ಲಿ, ರಸ್ಸಾದಲ್ಲಿ ಇರುವುದು ಹೆಚ್ಚಾಗಿ ಎಣ್ಣೆ, ಕೊಬ್ಬರಿ, ಖಾರ. ಗಡಹಿಂಗ್ಲಜದ ಕನ್ನಡ ಮನೆಗಳಲ್ಲಿ ಲಿಂಗಾಯತರು ಬಹಳ, ಅವರ ಊಟ ಶಾಕಾಹಾರ. ಒಂದು ಜೋಳದ ರೊಟ್ಟಿಗೆ ಸಿಗುವುದು ಸುಮಾರು 5 ಗ್ರಾಂ, ಮತ್ತು ಒಂದು ರೊಟ್ಟಿಗೇ ಈ ಹೊಟ್ಟೆ ತುಂಬಿಬಿಡುತ್ತದೆ. ಹಾಗಾಗಿ ರೊಟ್ಟಿ ಮೊದಲಲ್ಲ, ಕೊನೆಗೆ. ಎರಡು ಲೋಟ ಹಾಲಿನಲ್ಲಿ 14 ಗ್ರಾಂ, 75 ಗ್ರಾಂ ಪನೀರಿನಲ್ಲಿ 13, ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ 5, ಒಂದು ಬಟ್ಟಲು ಮೊಳಕೆ ಮಡಕಿಯಲ್ಲಿ 7–8, ಒಂದು ಹಿಡಿ ಶೇಂಗಾದಲ್ಲಿ 7–8. ಇಷ್ಟಕ್ಕೆ ಐವತ್ತರ ಹತ್ತಿರ ಬಂದೆವು. ಉಳಿದದ್ದಕ್ಕೆ ಸೋಯಾ ವಡಿ ಅಥವಾ ಪ್ರೋಟೀನ್ ಪುಡಿ ಬೇಕೇ ಬೇಕು. ಇದನ್ನು ಮೂರು ಹೊತ್ತಿನ ಊಟದಲ್ಲಿ ಮುಗಿಸಲಾಗದು, ಐದಾರು ಸಲ ತಿನ್ನಬೇಕು. ಮಗ್ಗದ ಪಾಳಿಯಲ್ಲಿರುವವರಿಗೆ ಇದು ಹೇಳಿದಷ್ಟು ಸುಲಭವಲ್ಲ. ಪುಡಿ ಕಲಸಿದ ಬಾಟಲಿ, ಹುರಿದ ಕಡಲೆ ಮಗ್ಗದ ಪಕ್ಕ ಇಟ್ಟುಕೊಳ್ಳುವುದೇ ದಾರಿ. ಊಟದ ಜೊತೆ ನೀರು ಕುಡಿಯದೆ ಅರ್ಧ ತಾಸು ತಡೆದು ಕುಡಿದರೆ ಊಟಕ್ಕೆ ಜಾಗ ಉಳಿಯುತ್ತದೆ. ಬೈಪಾಸ್ ನಂತರ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಮೊಸರಿಗೆ ಬದಲಾಯಿಸಿಕೊಳ್ಳಬೇಕು.

ಚೆನ್ನಾಗಿ ತಿಂದೂ ಇಳಿಯುತ್ತಿದ್ದರೆ ಎರಡನೇ ಪ್ರಶ್ನೆ. ಮಲ ಎಣ್ಣೆಯಂತೆ ತೇಲುವುದು, ದುರ್ನಾತ, ದಿನಕ್ಕೆ ನಾಲ್ಕೈದು ಸಲ ಭೇದಿ ಇದ್ದರೆ ಕೊಬ್ಬು ಹೀರಿಕೆಯಾಗುತ್ತಿಲ್ಲ ಎಂದರ್ಥ. ಬೈಪಾಸ್‌ನ ಉದ್ದ ಅತಿಯಾಗಿರಬಹುದು, ಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿರಬಹುದು, ಜೀರ್ಣರಸ ಆಹಾರಕ್ಕೆ ಸರಿಯಾಗಿ ಬೆರೆಯದಿರಬಹುದು. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್, ಕಬ್ಬಿಣ, ಬಿ-12, ಡಿ, ಎ, ಸತು, ತಾಮ್ರ ನೋಡಿಸಬೇಕು. ಅಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂಗಿಂತ ಕೆಳಗಿದ್ದರೆ ಕಾರಣ ಹುಡುಕಲೇಬೇಕು.

ಮೂರನೇ ಪ್ರಶ್ನೆಯನ್ನು ದೊಡ್ಡ ಊರಿನ ತಜ್ಞರೂ ಕೆಲವೊಮ್ಮೆ ಮರೆಯುತ್ತಾರೆ. ಎಲ್ಲವನ್ನೂ ಆಪರೇಷನ್ನಿನ ತಲೆಗೇ ಕಟ್ಟಬಾರದು. ನಮ್ಮ ದೇಶದಲ್ಲಿ ಸೊರಗಿದವರಿಗೆ ಮೊದಲು ನೋಡಬೇಕಾದದ್ದು ಕ್ಷಯ. ಜಠರದ ಆಪರೇಷನ್ ಆದವರಲ್ಲಿ ಅದರ ಅಪಾಯ ಇನ್ನೂ ಹೆಚ್ಚು. ಥೈರಾಯ್ಡ್, ಸಕ್ಕರೆ ಕಾಯಿಲೆ, ಖಿನ್ನತೆ, ಕುಡಿತ ಕೂಡ ಪಟ್ಟಿಯಲ್ಲಿರಲಿ. ಬೈಪಾಸ್ ಆದವರಿಗೆ ಸೆರೆ ಬೇಗ ಏರುತ್ತದೆ, ಬಹಳ ಹೊತ್ತಿನವರೆಗೆ ಇಳಿಯುವುದಿಲ್ಲ.

ಗಡಿಯವರಿಗೆ ಇನ್ನೊಂದು ಪೇಚಿದೆ. ಗಡಹಿಂಗ್ಲಜ ಇರುವುದು ಕೊಲ್ಲಾಪುರಕ್ಕೂ ಬೆಳಗಾವಿಗೂ ಹೆಚ್ಚುಕಮ್ಮಿ ನಡುವೆ. ಆಪರೇಷನ್ ಪುಣೆಯಲ್ಲೋ ಮುಂಬೈಯಲ್ಲೋ, ಜ್ವರ ಬಂದರೆ ಸಂಕೇಶ್ವರ, ದೊಡ್ಡ ತೊಂದರೆಗೆ ಬೆಳಗಾವಿ ಅಥವಾ ಕೊಲ್ಲಾಪುರದ ಸಿ.ಪಿ.ಆರ್. ಆಸ್ಪತ್ರೆ. ಆಹಾರದ ಚೀಟಿ ಮರಾಠಿಯಲ್ಲಿ, ಡಿಸ್ಚಾರ್ಜ್ ಕಾರ್ಡ್ ಇಂಗ್ಲಿಷಿನಲ್ಲಿ, ಅಡುಗೆ ಮಾಡುವ ಅವ್ವನ ಮಾತು ಕನ್ನಡದಲ್ಲಿ. ಆಪರೇಷನ್ನಿನ ವಿವರ ಯಾರ ಕೈಯಲ್ಲೂ ಪೂರ್ತಿ ಇರುವುದಿಲ್ಲ. ಬಿಡುಗಡೆಯ ದಿನವೇ ಆಪರೇಷನ್ನಿನ ಹೆಸರು, ದಿನಾಂಕ, ಎಷ್ಟು ಸೆಂ.ಮೀ. ಕರುಳು ಬೈಪಾಸ್ ಆಯಿತು, ಎಷ್ಟು ಉಳಿಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಮೊಬೈಲಿನಲ್ಲಿ ಫೋಟೋ ಇಟ್ಟುಕೊಳ್ಳಬೇಕು. ಈ ಹಾಳೆಗೆ ಇನ್ನೊಂದು ಉಪಯೋಗವಿದೆ. ಬೈಪಾಸ್ ಆದವರು ತೆಳ್ಳಗಾದಾಗ ಹೊಟ್ಟೆಯೊಳಗಿನ ಕೊಬ್ಬು ಕರಗಿ, ಕರುಳಿನ ನಡುವಿನ ಸಂದು ದೊಡ್ಡದಾಗಿ, ಅದರೊಳಗೆ ಕರುಳು ಸಿಕ್ಕಿಕೊಳ್ಳಬಹುದು. ಬಂದು ಬಂದು ಹೋಗುವ ಹೊಟ್ಟೆಶೂಲೆಯನ್ನು ಗ್ಯಾಸ್ ಎಂದು ಸೋಡಾ ಕುಡಿದು ಮಲಗಿದರೆ ಕರುಳು ಕೊಳೆಯುವಷ್ಟು ತಡವಾಗುತ್ತದೆ. ಕಾಗದ ನೋಡಿದ ಡಾಕ್ಟರು ಕೂಡಲೇ ಸಿ.ಟಿ. ಸ್ಕ್ಯಾನಿಗೆ ಕಳಿಸುತ್ತಾರೆ.

ಚಿಕಿತ್ಸೆ ಊಟದಿಂದಲೇ ಶುರು. ಬಾಯಿಂದ ಆಗದಿದ್ದರೆ ಮೂಗಿನ ನಳಿಗೆಯಿಂದ. ರೂ-ಎನ್-ವೈ ಆದವರಲ್ಲಿ ಹಳೆಯ ಜಠರ ಒಳಗೇ ಉಳಿದಿರುತ್ತದಲ್ಲ, ಅದಕ್ಕೇ ನೇರ ನಳಿಗೆ ಹಾಕಿ ಉಣಿಸಬಹುದು. ಬಹಳ ದಿನ ಉಪವಾಸ ಬಿದ್ದ ಮೈಗೆ ಒಮ್ಮೆಲೇ ಸುರಿಯಬಾರದು. ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪುತ್ತದೆ. ಅದಕ್ಕೇ ಮೊದಲ ವಾರ ಆಸ್ಪತ್ರೆಯಲ್ಲಿದ್ದು, ದಿನಾ ರಕ್ತ ನೋಡುತ್ತಾ, ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ಇಷ್ಟಾದರೂ ಮೈ ಹಿಡಿಯದಿದ್ದರೆ ಬೈಪಾಸ್‌ನ ಉದ್ದ ತಗ್ಗಿಸುವ, ಇಲ್ಲವೇ ಪೂರ್ತಿ ಮೊದಲಿನಂತೆ ಜೋಡಿಸುವ ಎರಡನೇ ಆಪರೇಷನ್ ಇದೆ. ಅದನ್ನೂ ಅಲ್ಬುಮಿನ್ ಸುಧಾರಿಸಿದ ಮೇಲೆಯೇ ಮಾಡುತ್ತಾರೆ. ಹಾಗೆ ಜೋಡಿಸಿದರೆ ತೂಕ ಮರಳುತ್ತದೆ, ಹೋಗಿದ್ದ ಸಕ್ಕರೆ ಕಾಯಿಲೆಯೂ ಮರಳಬಹುದು. ಸ್ಲೀವ್ ಆದವರಿಗೆ ಈ ದಾರಿ ಇಲ್ಲ, ಕತ್ತರಿಸಿದ ಜಠರ ಹೊರಗೆ ಹೋಗಿದೆ. ಅವರ ಕೊಳವೆ ಕಿರಿದಾಗಿ ಬಲೂನಿಗೂ ಬಗ್ಗದಿದ್ದರೆ ಸ್ಲೀವನ್ನೇ ಬೈಪಾಸ್ ಆಗಿ ಬದಲಿಸುತ್ತಾರೆ. ಮಿಶ್ರಿ, ನೋವಿನ ಗುಳಿಗೆ ಬಿಡುವ ಪಥ್ಯ ಅಲ್ಲಿಂದ ಅವರಿಗೂ ಶುರು.